ಗೇಟು ದಾಟಿ ಬರುವ ಕಸುಬು: ಸೇಲಂ–ಧರ್ಮಪುರಿ ಸೀಮೆಯಲ್ಲಿ ಹೊರದೇಶದ ಬಂಡವಾಳ

ಅತ್ತಿಬೆಲೆಯ ಗಡಿ ದಾಟಿದ ಕೂಡಲೇ ಹೊಸೂರು. ಬೆಂಗಳೂರಿನ ಎಷ್ಟೋ ಮಂದಿಗೆ ಅದು ಸೇಲಂ ಕಡೆಗೆ ಹೋಗುವಾಗ ಸಿಕ್ಕುವ ಮೊದಲ ದೊಡ್ಡ ಊರು, ಅಷ್ಟೇ. ಆದರೆ ಈ ಸೀಮೆ ನಮಗೆ ಹೊರಗಿನದಲ್ಲ. ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಸುತ್ತಿನ ಹಳ್ಳಿಗಳಲ್ಲಿ ಕನ್ನಡ ಇಂದಿಗೂ ಮನೆಮಾತು. ಸೇಲಂ ನಗರದ ದೇವಾಂಗ ನೇಕಾರರಲ್ಲಿ ಎಷ್ಟೋ ಮನೆಗಳು ಮಗ್ಗದ ಮುಂದೆ ಕನ್ನಡವನ್ನೇ ಆಡುತ್ತವೆ. ಇದೆಲ್ಲ ಒಂದು ಕಾಲಕ್ಕೆ ಸೇಲಂ ಎಂಬ ಒಂದೇ ದೊಡ್ಡ ಜಿಲ್ಲೆ. 1965ರ ಅಕ್ಟೋಬರ್ 2ರಂದು ಅದರಿಂದ ಧರ್ಮಪುರಿ ಬೇರೆಯಾಯಿತು; 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಗಿ ಹೊಸೂರು ಅದರ ಪಾಲಿಗೆ ಹೋಯಿತು. ಈ ಲೇಖನದಲ್ಲಿ ಧರ್ಮಪುರಿ ಎಂದಾಗ ಹೊಸೂರೂ ಸೇರಿದ್ದ ಆ ಹಳೆಯ ಜಿಲ್ಲೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ಹೊರದೇಶದ ಬಂಡವಾಳ ಬಂದರೆ ಇಲ್ಲಿಯವರ ಉತ್ಪಾದಕತೆ ಏರುತ್ತದೆಯೇ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಐವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಅದಕ್ಕೆ ಉತ್ತರ ಹುಡುಕಲು ಈ ಸೀಮೆಯಷ್ಟು ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಸುಮಾರು ಇನ್ನೂರು ವರ್ಷಗಳಲ್ಲಿ ಹೊರಗಿನ ಹಣ ಇಲ್ಲಿಗೆ ಐದಾರು ಬೇರೆ ಬೇರೆ ವೇಷದಲ್ಲಿ ಬಂದಿದೆ. ಕೆಲವು ಸಲ ಏನೂ ಉಳಿಸದೆ ಹೋಗಿದೆ, ಕೆಲವು ಸಲ ಊರಿನ ಹಣೆಬರಹವನ್ನೇ ಬದಲಿಸಿದೆ.

ಉತ್ಪಾದಕತೆ ಎಂಬುದು ಪುಸ್ತಕದ ಮಾತು. ಶೆಡ್ಡಿನ ಭಾಷೆಯಲ್ಲಿ ಹೇಳುವುದಾದರೆ: ಒಬ್ಬ ಕೆಲಸಗಾರ, ಒಂದು ಲೇತ್, ಒಂದು ಶಿಫ್ಟು. ಸಂಜೆಯ ಹೊತ್ತಿಗೆ ಗೇಜಿಗೆ ಸರಿಹೊಂದುವ ಪೀಸು ಎಷ್ಟು ಬಂತು, ರಿಜೆಕ್ಷನ್ ಎಷ್ಟಾಯಿತು? ಅದೇ ಲೇತಿನಲ್ಲಿ ಅದೇ ಮನುಷ್ಯ ಮುಂದಿನ ವರ್ಷ ಹೆಚ್ಚು ಒಳ್ಳೆಯ ಪೀಸು ತೆಗೆದರೆ ಉತ್ಪಾದಕತೆ ಏರಿತು. ದೊಡ್ಡ ಕಂಪನಿಯ ಗೇಟಿನ ಒಳಗೆ ಇದು ಏರುವುದು ಆಶ್ಚರ್ಯವಲ್ಲ, ಹೊಸ ಯಂತ್ರ ತಂದು ನಿಲ್ಲಿಸಿದವರಿಗೆ ಅಷ್ಟಾದರೂ ಆಗಲೇಬೇಕು. ಗೇಟಿನ ಹೊರಗೆ, ಆ ಕಂಪನಿಗೆ ಸೇರದ ಶೆಡ್ಡಿನಲ್ಲಿ ಏರಿತೇ ಎಂಬುದನ್ನು ನಾವು ನೋಡಬೇಕು.

ಮೊದಲ ವೇಷ ಬಹಳ ಹಳೆಯದು. ಸೇಲಂ ಪಟ್ಟಣದ ಪಕ್ಕದ ಕಂಜಮಲೆಯಲ್ಲಿ ಕಬ್ಬಿಣದ ಅದಿರಿದೆ. ಸೇಲಂ ಸುತ್ತಿನ ಕುಲುಮೆಗಳಲ್ಲಿ ಮಣ್ಣಿನ ಮೂಸೆಯಲ್ಲಿಟ್ಟು ಕಾಸಿದ ಉಕ್ಕು ವೂಟ್ಜ್ ಎಂಬ ಹೆಸರಿನಲ್ಲಿ ಯುರೋಪಿನವರನ್ನು ಬೆರಗುಗೊಳಿಸಿತ್ತು. ಕಂಪನಿ ಸರಕಾರದ ನೌಕರಿ ಬಿಟ್ಟ ಜೋಸಯ್ಯ ಮಾರ್ಷಲ್ ಹೀತ್ ಎಂಬಾತ 1830ರಲ್ಲಿ ಕಡಲತೀರದ ಪೋರ್ಟೊ ನೋವೊದಲ್ಲಿ, ಅಂದರೆ ಪರಂಗಿಪೇಟೆಯಲ್ಲಿ, ಇಂಗ್ಲಿಷ್ ಮಾದರಿಯ ಕಬ್ಬಿಣದ ಕಾರ್ಖಾನೆ ಶುರುಮಾಡಿದ. ಈಸ್ಟ್ ಇಂಡಿಯಾ ಕಂಪನಿ ಸಾಲ ಕೊಟ್ಟಿತು, ಯುರೋಪಿನ ವಿಧಾನದಲ್ಲಿ ಕಬ್ಬಿಣ ಮಾಡುವ ಹಕ್ಕನ್ನು ಅವನಿಗಷ್ಟೇ ಮೀಸಲಿಟ್ಟಿತು. ಸೇಲಂ ಅದಿರು ನದಿಯ ಹಾದಿಯಲ್ಲಿ ಕಡಲಿಗೆ ಇಳಿಯಿತು. ಆಮೇಲೆ ಸೇಲಂ ಸೀಮೆಯಲ್ಲೂ ಒಲೆಗಳೆದ್ದವು, ಪಾಲುದಾರರು ಬಂದರು, 1853ರಲ್ಲಿ ಹೊಸ ಹೆಸರಿನ ಕಂಪನಿಯೂ ಹುಟ್ಟಿತು. ಆದರೆ ಕಾಡು ಕಡಿದಂತೆ ಇದ್ದಿಲು ದುಬಾರಿಯಾಗುತ್ತ ಹೋಯಿತು, ಕಲ್ಲಿದ್ದಲಿನಿಂದ ಅಗ್ಗವಾಗಿ ಮಾಡಿದ ಇಂಗ್ಲೆಂಡಿನ ಕಬ್ಬಿಣ ಹಡಗಿನಲ್ಲಿ ಬಂದಿಳಿಯಿತು. ಶತಮಾನದ ಕೊನೆಯ ಕಾಲುಭಾಗ ಶುರುವಾಗುವ ಹೊತ್ತಿಗೆ ಈ ಸಾಹಸ ಮುಗಿದುಹೋಗಿತ್ತು.

ಇಲ್ಲಿ ಕಸುಬು ಯಾವ ದಿಕ್ಕಿಗೆ ಹರಿಯಿತೆಂದು ನೋಡಿ. ಸೇಲಂನ ಕುಲುಮೆಯವನಿಗೆ ಹೊಸ ಒಲೆಯ ವಿದ್ಯೆ ಸಿಗಲಿಲ್ಲ. ಆ ವಿಧಾನ ಹೀತನಿಗೇ ಮೀಸಲಾಗಿತ್ತಲ್ಲ. ಇಲ್ಲಿಯ ಉಕ್ಕನ್ನು ವರ್ಷಗಟ್ಟಲೆ ಕಂಡ ಹೀತ್ ಇಂಗ್ಲೆಂಡಿಗೆ ಮರಳಿ 1839ರಲ್ಲಿ ಉಕ್ಕಿಗೆ ಮ್ಯಾಂಗನೀಸ್ ಸೇರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದರಿಂದ ಶೆಫೀಲ್ಡ್‌ನ ಉಕ್ಕು ತಯಾರಕರು ಲಾಭ ಮಾಡಿಕೊಂಡರು, ಹೀತ್ ಕೋರ್ಟು ಅಲೆದು ಸತ್ತ. ಊರಿನ ಅದಿರು, ಊರಿನ ಇದ್ದಿಲು, ಹೊರಗಿನ ಬಂಡವಾಳ ಎಲ್ಲ ಕೂಡಿದರೂ ಸೇಲಂನಲ್ಲಿ ಉಳಿದದ್ದು ತಣ್ಣಗಾದ ಕುಲುಮೆ.

ಇದಕ್ಕೆ ತದ್ವಿರುದ್ಧವಾದ ಕಥೆ ಅದೇ ಸೇಲಂನ ಸಾಬಕ್ಕಿಯದು. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದಿಂದ ಬರುತ್ತಿದ್ದ ಸಾಬಕ್ಕಿ, ಗಂಜಿಹಿಟ್ಟು ನಿಂತುಹೋಯಿತು. 1943ರ ಸುಮಾರಿಗೆ ಸೇಲಂನ ಮಾಣಿಕ್ಕಂ ಚೆಟ್ಟಿಯಾರ್ ಎಂಬ ವ್ಯಾಪಾರಿ, ಮಲಯಾದ ಪೆನಾಂಗ್‌ನಲ್ಲಿ ಈ ಕೆಲಸ ಕಂಡು ಬಂದಿದ್ದ ಒಬ್ಬರ ಜೊತೆಗೂಡಿ ಮರಗೆಣಸಿನಿಂದ ಸಾಬಕ್ಕಿ ಮಾಡತೊಡಗಿದರು. ಹೊರದೇಶದ ಒಂದು ರೂಪಾಯಿ ಬಂಡವಾಳವೂ ಬರಲಿಲ್ಲ. ಬಂದದ್ದು ಒಬ್ಬ ಮನುಷ್ಯನ ಕಣ್ಣಿನಲ್ಲಿದ್ದ ನೋಟ, ಕೈಯಲ್ಲಿದ್ದ ಹದ. ಮುಂದೆ ನೂರಾರು ಸಣ್ಣ ಮಿಲ್ಲುಗಳಾದವು. 1981ರಲ್ಲಿ ಅವರೆಲ್ಲ ಸೇರಿ ಸಾಗೋಸರ್ವ್ ಎಂಬ ಸಹಕಾರ ಸಂಘ ಕಟ್ಟಿಕೊಂಡರು. 2023ರಲ್ಲಿ ಸೇಲಂ ಸಾಬಕ್ಕಿಗೆ ಭೌಗೋಳಿಕ ಗುರುತು ಸಿಕ್ಕಿತು. ಇಂದು ನಮ್ಮ ಮನೆಯ ಹಪ್ಪಳ, ಪಾಯಸಕ್ಕೆ ಬರುವ ಸಾಬಕ್ಕಿ ಹೆಚ್ಚುಪಾಲು ಅಲ್ಲಿಯದೇ.

ಹಣದ ದಾರಿ ಒಂದು, ಕಸುಬಿನ ದಾರಿ ಇನ್ನೊಂದು ಎಂಬುದಕ್ಕೆ ಹೊರಗಿನ ಜಗತ್ತಿನಲ್ಲೂ ಸಾಕ್ಷಿ ಇದೆ. 1979ರಲ್ಲಿ ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ಕಂಪನಿ ಕೊರಿಯಾದ ಡೇವೂ ಜೊತೆಗಿನ ಒಪ್ಪಂದದಂತೆ 130 ಜನರನ್ನು ಪುಸಾನ್‌ಗೆ ತರಬೇತಿಗೆ ಕಳಿಸಿತು. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಕೆಲವೇ ವರ್ಷಗಳಲ್ಲಿ ಕಂಪನಿ ಬಿಟ್ಟು ತಮ್ಮದೇ ಕಾರ್ಖಾನೆ ತೆರೆದರು, ಇಲ್ಲವೇ ಬೇರೆಯವರ ಕಾರ್ಖಾನೆ ನಿಲ್ಲಿಸಿದರು. ಬಾಂಗ್ಲಾದೇಶದ ಉಡುಪು ಉದ್ಯಮದ ಬೇರು ಅಲ್ಲಿದೆ. ಘಾನಾ ದೇಶದ ಬಗ್ಗೆ ಗೋರ್ಗ್ ಮತ್ತು ಸ್ಟ್ರೋಬಲ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು: ಬಹುರಾಷ್ಟ್ರೀಯ ಕಂಪನಿಯಲ್ಲಿ ಅದೇ ಕೆಲಸ ಮಾಡಿ ಬಂದವರು ತೆರೆದ ಸ್ವಂತ ಉದ್ಯಮಗಳ ಉತ್ಪಾದಕತೆ ಉಳಿದವರಿಗಿಂತ ಹೆಚ್ಚು.

ಆದರೆ ಎಲ್ಲ ಅಧ್ಯಯನಗಳೂ ಹೀಗೆ ಸಿಹಿಯಾಗಿಲ್ಲ. 1970ರ ದಶಕದಲ್ಲಿ ಕೇವ್ಸ್ ಆಸ್ಟ್ರೇಲಿಯಾ, ಕೆನಡಾಗಳನ್ನು ನೋಡಿದರು. 1980ರ ದಶಕದಲ್ಲಿ ಬ್ಲೋಮ್‌ಸ್ಟ್ರೋಮ್ ಮೆಕ್ಸಿಕೊವನ್ನು ನೋಡಿದರು. ವಿದೇಶಿ ಕಂಪನಿ ಹೆಚ್ಚಿರುವ ಉದ್ದಿಮೆಯಲ್ಲಿ ದೇಶೀ ಕಂಪನಿಗಳೂ ಚುರುಕಾಗಿವೆ ಎಂದು ಅವರಿಗೆ ಕಂಡಿತು. ಈ ತೀರ್ಮಾನಕ್ಕೆ ಒಂದು ಸಂಶಯ ಅಂಟಿಕೊಂಡೇ ಇತ್ತು. ವಿದೇಶಿಯರು ಬಂದದ್ದರಿಂದ ಉದ್ದಿಮೆ ಚುರುಕಾಯಿತೋ, ಚುರುಕಾಗಿದ್ದ ಉದ್ದಿಮೆಯನ್ನೇ ಅವರು ಆರಿಸಿಕೊಂಡರೋ? ಒಂದೊಂದು ಕಾರ್ಖಾನೆಯನ್ನೂ ವರ್ಷ ವರ್ಷ ಹಿಂಬಾಲಿಸಿದ ಐಟ್ಕೆನ್ ಮತ್ತು ಹ್ಯಾರಿಸನ್ 1999ರಲ್ಲಿ ವೆನೆಜುವೆಲಾದ ಲೆಕ್ಕ ಕೊಟ್ಟಾಗ ಚಿತ್ರ ಬದಲಾಯಿತು. ವಿದೇಶಿ ಪಾಲು ಪಡೆದ ಸಣ್ಣ ಕಾರ್ಖಾನೆಗಳು ಸುಧಾರಿಸಿದ್ದವು. ಅದೇ ಉದ್ದಿಮೆಯ ದೇಶೀ ಕಾರ್ಖಾನೆಗಳು ಗಿರಾಕಿ ಕಳೆದುಕೊಂಡು ಕುಗ್ಗಿದ್ದವು. ಕೂಡಿ ಕಳೆದರೆ ಲಾಭ ಅತ್ಯಲ್ಪ. ಪೈಪೋಟಿದಾರ ಪಕ್ಕದಲ್ಲಿ ಬಂದು ಕೂತರೆ ಕಲಿಯುವ ಮೊದಲೇ ವ್ಯಾಪಾರ ಹೋಗಬಹುದು ಎಂಬ ಕಹಿ ಸತ್ಯ ಅದು.

ಆ ಬಳಿಕ ಬೀಟಾ ಯಾವೋರ್ಚಿಕ್ 2004ರಲ್ಲಿ ಲಿಥುವೇನಿಯಾದ ಅಧ್ಯಯನ ಪ್ರಕಟಿಸಿದರು. ಈ ಚರ್ಚೆಯಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಅದೇ. ಪಕ್ಕದ ಪೈಪೋಟಿದಾರನ ಕಡೆ ಹುಡುಕಿದರೆ ಕಲಿಕೆ ಕಾಣದು, ಮಾಲು ಪೂರೈಸುವವನ ಕಡೆ ಹುಡುಕಬೇಕು ಎಂದು ಅವರು ತೋರಿಸಿದರು. ವಿದೇಶಿ ಕಂಪನಿ ತನ್ನ ವಿದ್ಯೆಯನ್ನು ಎದುರಾಳಿಗೆ ಮುಚ್ಚಿಡುತ್ತದೆ, ತನಗೆ ಬೋಲ್ಟು ಮಾಡಿಕೊಡುವವನಿಗೆ ಮಾತ್ರ ಕೈಹಿಡಿದು ಕಲಿಸುತ್ತದೆ, ಏಕೆಂದರೆ ಬೋಲ್ಟು ಸರಿಯಿಲ್ಲದಿದ್ದರೆ ನಿಲ್ಲುವುದು ಅದರದೇ ಲೈನು. ಇನ್ನೊಂದು ಅಂಶವೂ ಅವರ ಲೆಕ್ಕದಲ್ಲಿ ಕಂಡಿತು: ಈ ಲಾಭ ಬರುವುದು ದೇಶೀ ಪಾಲುದಾರನೊಡನೆ ಕೂಡಿ ಕಟ್ಟಿದ ಕಂಪನಿಗಳಿಂದ, ಪೂರಾ ವಿದೇಶಿ ಒಡೆತನದವುಗಳಿಂದ ಅಂಥ ಲಾಭ ಕಾಣಲಿಲ್ಲ.

ಇಷ್ಟನ್ನು ಕಣ್ಣಮುಂದೆ ಇಟ್ಟುಕೊಂಡು ಹೊಸೂರಿಗೆ ಬರೋಣ.

ತಮಿಳುನಾಡಿನ ಕೈಗಾರಿಕಾ ಉತ್ತೇಜನ ನಿಗಮ ಸಿಪ್ಕಾಟ್ ಹುಟ್ಟಿದ್ದು 1971ರಲ್ಲಿ. ಬೆಂಗಳೂರಿಗೆ ನಲವತ್ತು ಕಿಲೋಮೀಟರು ದೂರದ, ಮಳೆ ನಂಬಿ ರಾಗಿ ಬೆಳೆಯುತ್ತಿದ್ದ ಹೊಸೂರಿನ ಹೊಲಗಳಲ್ಲಿ ಅದು ಕೈಗಾರಿಕಾ ವಸಾಹತು ಕಟ್ಟಿತು. ಪಕ್ಕದಲ್ಲಿ ಸಣ್ಣವರಿಗಾಗಿ ಸಿಡ್ಕೊ ಶೆಡ್ಡುಗಳಾದವು. ಈ ಲೆಕ್ಕಾಚಾರದಲ್ಲಿ ನಮ್ಮ ಬೆಂಗಳೂರಿನ ಪಾಲು ಸಣ್ಣದಲ್ಲ. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ಗಳಲ್ಲಿ ಕೈ ಪಳಗಿದ ಟೂಲ್‌ರೂಮಿನವರು, ಟರ್ನರುಗಳು, ಫಿಟ್ಟರುಗಳು ಒಂದು ಬಸ್ಸಿನ ದೂರದಲ್ಲಿದ್ದರು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಬಂತು. ಮದರಾಸಿನ ಆ ಕಂಪನಿಯಲ್ಲಿ ಬ್ರಿಟನ್ನಿನ ಲೇಲ್ಯಾಂಡ್ 1955ರಲ್ಲೇ ಪಾಲು ಪಡೆದಿತ್ತು. 1987ರಲ್ಲಿ ಆ ಪಾಲು ಹಿಂದುಜಾ ಮತ್ತು ಇಟಲಿಯ ಇವೆಕೊ ಕೈಗೆ ಹೋಯಿತು. ಒಡೆತನ ಬದಲಾಯಿತು, ಅದಕ್ಕೆ ಬಿಡಿಭಾಗ ಮಾಡಿಕೊಡುವ ಕಸುಬು ಊರಿನಲ್ಲೇ ನಿಂತಿತು.

ಟಿವಿಎಸ್ ಕಥೆ ಇನ್ನೂ ಆಳವಾದದ್ದು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಮೊಪೆಡ್ ಹೊರಬಿತ್ತು. 1982ರಲ್ಲಿ ಜಪಾನಿನ ಸುಜುಕಿಯ ಜೊತೆ ಕರಾರಾಯಿತು, 1984ರಿಂದ ಇಂಡ್–ಸುಜುಕಿ ಬೈಕು ಬಂತು. ಸುಜುಕಿಯ ಪಾಲು ಸುಮಾರು ಕಾಲುಭಾಗ. ಆಗಿನ ವಿದೇಶಿ ವಿನಿಮಯ ಕಾಯಿದೆ, 1973ರ ಫೆರಾ, ಸಾಮಾನ್ಯವಾಗಿ ವಿದೇಶಿ ಪಾಲನ್ನು ನೂರಕ್ಕೆ 40ಕ್ಕೆ ಮಿತಿಗೊಳಿಸಿತ್ತು. ಅದೇ ಕಾಯಿದೆಯ ಕಾರಣಕ್ಕೆ ಐಬಿಎಂ, ಕೋಕಾಕೋಲಾ ದೇಶ ಬಿಟ್ಟುಹೋದವು. ಆ ನಷ್ಟವನ್ನು ನಾನು ಮರೆಮಾಚುವುದಿಲ್ಲ. ಆದರೆ ಬಂದವರು ಇಲ್ಲಿಯ ಪಾಲುದಾರನ ಪಕ್ಕದಲ್ಲಿ ಕೂತು ಕೆಲಸ ಮಾಡಬೇಕಾಯಿತು. ಎಂಜಿನ್ನಿನ ಒಂದೊಂದು ಭಾಗವನ್ನೂ ಇಲ್ಲೇ ಎರಕ ಹೊಯ್ದು, ಇಲ್ಲೇ ಕಡೆದು, ಜಪಾನಿನ ಅಳತೆಗೆ ತರುವ ಒತ್ತಡ ಬಿತ್ತು. ಆ ಒತ್ತಡ ಕಾರ್ಖಾನೆಯಿಂದ ವೆಂಡರಿಗೆ, ವೆಂಡರಿನಿಂದ ಜಾಬ್ ವರ್ಕ್ ಮಾಡುವ ಎರಡು ಲೇತಿನ ಶೆಡ್ಡಿಗೆ ಇಳಿಯಿತು.

2001ರಲ್ಲಿ ಸುಜುಕಿ ಹೊರನಡೆಯಿತು. ಟಿವಿಎಸ್ ಮುಗಿಯಿತು ಎಂದವರಿದ್ದರು. ಅದೇ ವರ್ಷ ಕಂಪನಿ ತಾನೇ ರೂಪಿಸಿದ ವಿಕ್ಟರ್ ಬೈಕನ್ನು ಬೀದಿಗೆ ತಂದಿತು, ಮರುವರ್ಷ ಗುಣಮಟ್ಟಕ್ಕೆಂದು ಜಪಾನ್ ಕೊಡುವ ಡೆಮಿಂಗ್ ಪ್ರಶಸ್ತಿ ಪಡೆಯಿತು. 2013ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಸಣ್ಣ ಬೈಕಿಗಾಗಿ ಇಲ್ಲಿಗೇ ಬಂತು. ಹೊಸೂರಿನಲ್ಲಿ ಜೋಡಿಸಿದ ಜಿ 310 ಬೈಕುಗಳು ಯುರೋಪಿನ ಬೀದಿಗಳಲ್ಲಿ ಓಡುತ್ತವೆ. 2020ರಲ್ಲಿ ಟಿವಿಎಸ್ ಬ್ರಿಟನ್ನಿನ ಹಳೆಯ ನಾರ್ಟನ್ ಕಂಪನಿಯನ್ನೇ ಕೊಂಡಿತು. ಸೇಲಂ ಕಬ್ಬಿಣ ಇಂಗ್ಲೆಂಡಿನವರಿಗೆ ಸೋತ ನೂರೈವತ್ತು ವರ್ಷಗಳ ಮೇಲೆ, ಅದೇ ಹಳೆಯ ಜಿಲ್ಲೆಯಲ್ಲಿ ಬೆಳೆದ ಕಂಪನಿ ಇಂಗ್ಲೆಂಡಿನ ಕಂಪನಿಯೊಂದಕ್ಕೆ ಒಡೆಯನಾಯಿತು. ಇದನ್ನು ಬರೆಯುವಾಗ ನನಗೆ ಹೆಮ್ಮೆಯೇ ಆಗುತ್ತದೆ.

ಟೈಟಾನ್ ಇದೇ ಊರಿನ ಇನ್ನೊಂದು ಪಾಠ. ಟಾಟಾ ಮತ್ತು ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮ ಟಿಡ್ಕೊ ಕೂಡಿ 1984ರಲ್ಲಿ ಕಂಪನಿ ಸ್ಥಾಪಿಸಿದವು. ವಿದ್ಯೆಗಾಗಿ ಫ್ರಾನ್ಸಿನ ಕಂಪನಿಯೊಂದರ ಜೊತೆ ತಾಂತ್ರಿಕ ಒಪ್ಪಂದವಾಯಿತು, ಒಡೆತನ ಇಲ್ಲೇ ಉಳಿಯಿತು. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್‌ನಿಂದ ವಿದ್ಯೆ ಪಡೆದ ಹಾಗೆಯೇ. ತಮಿಳುನಾಡಿನ ಹಳ್ಳಿ, ಸಣ್ಣ ಊರುಗಳ ಶಾಲೆಗಳಿಂದ ಹುಡುಗ ಹುಡುಗಿಯರನ್ನು ಆರಿಸಿ ತಂದು, ಇರಲು ಜಾಗ ಕೊಟ್ಟು, ತರಬೇತಿ ಕೊಟ್ಟು ಗಡಿಯಾರ ಜೋಡಿಸಲು ಕೂರಿಸಿದರು. 2002ರಲ್ಲಿ ಹೊರಬಂದ ಎಡ್ಜ್ ಗಡಿಯಾರದ ಒಳಯಂತ್ರದ ದಪ್ಪ 1.15 ಮಿಲಿಮೀಟರು, ಪೂರ್ತಿ ಗಡಿಯಾರದ್ದು 3.5. ಆ ಸೂಕ್ಷ್ಮತೆಯ ಬಲದ ಮೇಲೆ ಕಂಪನಿ ಬೇರೆ ಉದ್ದಿಮೆಗಳಿಗೆ ಯಂತ್ರ, ಬಿಡಿಭಾಗ ಮಾಡಿಕೊಡುವ ವಿಭಾಗವನ್ನೇ ಕಟ್ಟಿತು. ವಿದ್ಯೆ ಬೇಕೆಂದರೆ ಒಡೆತನ ಕೊಡಲೇಬೇಕೆಂದಿಲ್ಲ, ಕೊಂಡು ತರಬಹುದು. ಆದರೆ ಕೊಂಡದ್ದನ್ನು ಅರಗಿಸಿಕೊಳ್ಳುವ ಕೈಗಳನ್ನು ಮೊದಲು ತಯಾರು ಮಾಡಬೇಕು.

ಅರಗಿಸಿಕೊಳ್ಳುವ ಶಕ್ತಿಯ ಮಾತು ಬಂದದ್ದರಿಂದ ಧರ್ಮಪುರಿಯನ್ನು ನೆನೆಯದೆ ಮುಂದೆ ಹೋಗಲಾಗದು. ಬೊರೆನ್‌ಸ್ಟೈನ್ ಮತ್ತು ಜೊತೆಗಾರರು 1998ರಲ್ಲಿ 69 ದೇಶಗಳ ಲೆಕ್ಕ ನೋಡಿ, ಓದು ಒಂದು ಮಟ್ಟಕ್ಕೆ ಏರಿದ ದೇಶದಲ್ಲಿ ಮಾತ್ರ ವಿದೇಶಿ ಬಂಡವಾಳ ಬೆಳವಣಿಗೆಗೆ ನೆರವಾಗುತ್ತದೆ ಎಂದರು. ಭಾರತದ ಕಾರ್ಖಾನೆಗಳನ್ನು ನೋಡಿದ ವಿನೀಶ್ ಕಥೂರಿಯಾ ಕೂಡ, ಸ್ವಂತ ಸಂಶೋಧನೆಗೆ ಖರ್ಚು ಮಾಡಿದ ದೇಶೀ ಕಂಪನಿಗಳಿಗೇ ಕಲಿಕೆಯ ಫಲ ಸಿಗುತ್ತದೆ ಎಂದು ತೋರಿಸಿದರು. 2011ರ ಜನಗಣತಿಯಲ್ಲಿ ತಮಿಳುನಾಡಿನ ಸಾಕ್ಷರತೆ ನೂರಕ್ಕೆ 80, ಹೊಸೂರು ಬೇರೆಯಾದ ಮೇಲಿನ ಇಂದಿನ ಧರ್ಮಪುರಿಯದು 68.54, ಇಡೀ ರಾಜ್ಯದಲ್ಲೇ ಕಡೆಯ ಸ್ಥಾನ. ಹೊಸೂರು ಅಷ್ಟೊಂದು ಬೆಳೆದರೂ ಪೆನ್ನಾಗರದ ಹುಡುಗರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ತಿರುಪ್ಪೂರಿನ ಬನಿಯನ್ ಕೆಲಸಕ್ಕೆ ಬಸ್ಸು ಹತ್ತುತ್ತಲೇ ಇದ್ದಾರೆ. ನೂರು ಕಿಲೋಮೀಟರಿನೊಳಗೆ ಇರುವ ಕಾರ್ಖಾನೆಯ ವಿದ್ಯೆ ಅವರ ಮನೆ ಬಾಗಿಲಿಗೆ ತಾನಾಗಿ ನಡೆದು ಬರಲಿಲ್ಲ.

ಇದೇ ಜಿಲ್ಲೆಗೆ ಬಂದ ಇನ್ನೊಂದು ಬಗೆಯ ವಿದೇಶಿ ಹಣ ಕನ್ನಡಿಗರಿಗೆ ಚೆನ್ನಾಗಿ ನೆನಪಿದೆ: ಹೊಗೇನಕಲ್ ಕುಡಿಯುವ ನೀರಿನ ಯೋಜನೆ. 2008ರಲ್ಲಿ ಎರಡೂ ಕಡೆ ಬೀದಿಗಿಳಿದ ಆ ಜಗಳವನ್ನು ಇಲ್ಲಿ ಕೆದಕುವುದಿಲ್ಲ. ಜಪಾನಿನ ಸಾಲದ ನೆರವಿನಿಂದ 1,900 ಕೋಟಿ ರೂಪಾಯಿಗೂ ಮಿಗಿಲಾದ ವೆಚ್ಚದಲ್ಲಿ ಕಟ್ಟಿದ ಆ ಯೋಜನೆ 2013ರಲ್ಲಿ ಚಾಲನೆಗೆ ಬಂತು. ಆ ನೆಲದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲು ಕಂದುಗಟ್ಟುತ್ತಿತ್ತು, ದುಡಿಯುವ ವಯಸ್ಸಿನವರ ಕೀಲು ಹಿಡಿಯುತ್ತಿತ್ತು. ಬೆನ್ನು ಬಗ್ಗಿಸಲಾರದವನ ಉತ್ಪಾದಕತೆಯನ್ನು ಯಾವ ಯಂತ್ರವೂ ಏರಿಸದು. ವಿದೇಶಿ ಬಂಡವಾಳದ ಲೆಕ್ಕ ಹಾಕುವವರು ಇಂಥ ಸಾಲವನ್ನು ಪಟ್ಟಿಗೆ ಸೇರಿಸುವುದಿಲ್ಲ. ಸೇರಿಸಬೇಕೆಂದು ನನ್ನ ಅಭಿಪ್ರಾಯ.

ಸೇಲಂ ಜಿಲ್ಲೆಯ ಮೆಟ್ಟೂರಿನ ಅಲ್ಯೂಮಿನಿಯಂ ಕಾರ್ಖಾನೆ ಮಾಲ್ಕೊ ಬಗ್ಗೆ ಎರಡೇ ಮಾತು. ಇಟಲಿಯ ಮಾಂಟೆಕಾತಿನಿ ನೆರವಿನಿಂದ 1965ರಲ್ಲಿ ಶುರುವಾಗಿ, 1995ರಲ್ಲಿ ಸ್ಟೆರ್ಲೈಟ್ ಕೈಸೇರಿ, ಕೊನೆಗೆ ಅದರ ಲೋಹದ ಒಲೆ ಆರಿತು. ಬೆಟ್ಟದ ಬಾಕ್ಸೈಟು, ಕರೆಂಟು, ಸೋಡಾ ಇದ್ದರೆ ನಡೆಯುವ ಉದ್ದಿಮೆ ಅದು. ಸುತ್ತಲಿನ ಶೆಡ್ಡಿನವನಿಂದ ಅದಕ್ಕೆ ಬೇಕಾದದ್ದು ತೀರ ಕಡಿಮೆ. ಬೇಡಿಕೆ ಇಲ್ಲದೆಡೆ ಕಲಿಕೆಯೂ ಇಲ್ಲ.

ಹೊಸೂರಿನ ಗುಲಾಬಿ ಇದಕ್ಕಿಂತ ಹೆಚ್ಚು ಕಲಿಸಿದೆ. ಅಮುದಗೊಂಡಪಲ್ಲಿಯ ಬಳಿ ಟಿಡ್ಕೊ ಪಾಲುಗಾರಿಕೆಯಲ್ಲಿ ಟಾನ್‌ಫ್ಲೋರಾ ಹೂವಿನ ಪಾರ್ಕು ಎದ್ದಿತು. ಹೂವಿನ ತಳಿಗಳು ಯುರೋಪಿನವು, ಹಸಿರುಮನೆ ಮತ್ತು ಹನಿ ನೀರಾವರಿಯ ವಿಧಾನ ಹೊರಗಿನದು, ಮಣ್ಣು ಮತ್ತು ಹವೆ ಮಾತ್ರ ಇಲ್ಲಿಯದು. ಈ ವಿದ್ಯೆಗೆ ಗೇಟಿಲ್ಲ. ಪಕ್ಕದ ಹೊಲದವನು ಬೇಲಿಯಾಚೆಯಿಂದ ನೋಡಿದ, ಅಲ್ಲಿ ಕೂಲಿಗೆ ಹೋದವಳು ಕಸಿ, ಕೊಯ್ಲು, ಗ್ರೇಡಿಂಗ್ ಕಲಿತಳು. ಈಗ ಹೊಸೂರು, ತಳಿ, ಬಾಗಲೂರು ಸುತ್ತಿನ ಸಣ್ಣ ರೈತರ ಹಸಿರುಮನೆಗಳಿಂದಲೂ ಪ್ರೇಮಿಗಳ ದಿನಕ್ಕೆ ಗುಲಾಬಿ ಹೋಗುತ್ತದೆ.

ಹೊಸೂರಿನ ಶೆಡ್ಡುಗಳಿಗೆ ಬಂದರೆ ಒಂದು ಕೊರತೆಯನ್ನು ಹೇಳಲೇಬೇಕು. ಜಾನ್ ಸಟನ್ 2004ರಲ್ಲಿ ಭಾರತ, ಚೀನಾಗಳ ವಾಹನ ಬಿಡಿಭಾಗದ ಸರಪಳಿಯನ್ನು ಅಳೆದರು. ಕಾರ್ಖಾನೆಗೆ ನೇರವಾಗಿ ಮಾಲು ಕೊಡುವ ಮೊದಲ ಸಾಲಿನ ವೆಂಡರುಗಳು ಲೋಕದ ಗುಣಮಟ್ಟಕ್ಕೆ ಹತ್ತಿರ ಬಂದಿದ್ದರು, ಅವರಿಗೆ ಮಾಲು ಕೊಡುವ ಎರಡನೆಯ ಸಾಲಿನವರು ಬಹಳ ಹಿಂದಿದ್ದರು. ಸಿಡ್ಕೊ ಬೀದಿಗಳಲ್ಲಿ ನಡೆದವರಿಗೆ ಇದು ಒಗಟಲ್ಲ. ಎರಡನೆಯ ಸಾಲಿನವನಿಗೆ ಬಿಲ್ಲಿನ ಹಣ ತಿಂಗಳುಗಟ್ಟಲೆ ತಡ. ಸಿಎನ್‌ಸಿ ಮೆಷಿನ್ನಿಗೆ ಸಾಲ ಬೇಕೆಂದರೆ ಮನೆಪತ್ರ ಅಡವಿಡಬೇಕು. ಕಲಿಸಿ ಬೆಳೆಸಿದ ಆಪರೇಟರ್ ಒಂದೆರಡು ಸಾವಿರ ಹೆಚ್ಚು ಸಂಬಳಕ್ಕೆ ದೊಡ್ಡ ಕಂಪನಿಗೆ ಹೋಗುತ್ತಾನೆ. ಕಲಿಕೆ ಮೇಲಿನಿಂದ ಇಳಿಯುವಷ್ಟೇ ಸಲೀಸಾಗಿ ಕೆಳಗಿನಿಂದ ಕೈಗಳು ಸೋರಿಹೋಗುತ್ತವೆ.

ಈಗ ಬರುತ್ತಿರುವ ಅಲೆ ಹಿಂದಿನ ಯಾವುದರ ಹಾಗೂ ಇಲ್ಲ. ಐಐಟಿ ಮದ್ರಾಸಿನಲ್ಲಿ ಹುಟ್ಟಿದ ಏಥರ್ ಸ್ಕೂಟರು ಹೊಸೂರಿನಲ್ಲಿ ತಯಾರಾಗುತ್ತದೆ. ಸಿಂಗಾಪುರದ ಜಿಐಸಿ, ಅಮೆರಿಕದ ಟೈಗರ್ ಗ್ಲೋಬಲ್ ಅದಕ್ಕೆ ಹಣ ಹಾಕಿದವು. ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ 500 ಎಕರೆಯ ಓಲಾ ಎಲೆಕ್ಟ್ರಿಕ್ ಕಾರ್ಖಾನೆಯ ಹಿಂದೆ ಜಪಾನಿನ ಸಾಫ್ಟ್‌ಬ್ಯಾಂಕ್ ಇದೆ. ಸ್ಕೂಟರಿನ ಮೂಲ ವಿನ್ಯಾಸಕ್ಕಾಗಿ ಓಲಾ 2020ರಲ್ಲಿ ನೆದರ್‌ಲೆಂಡ್ಸಿನ ಎಟರ್ಗೊ ಕಂಪನಿಯನ್ನು ಕೊಂಡಿತು. ಇಲ್ಲಿ ವಿದೇಶಿ ಹಣ ಬರೀ ಹಣ. ವಿದ್ಯೆ ಇಲ್ಲಿಯದು ಅಥವಾ ಕೊಂಡದ್ದು. ಹೊಸೂರಿನ ಟಾಟಾ ಎಲೆಕ್ಟ್ರಾನಿಕ್ಸ್ ಇನ್ನೊಂದು ಥರ: ಒಡೆಯ ಭಾರತೀಯ, ಐಫೋನಿನ ಹೊರಕವಚ ಕೊಳ್ಳುವವರು ಆಪಲ್‌ನವರು. ದುಡಿಯುವವರಲ್ಲಿ ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು, ಜಾರ್ಖಂಡ್‌ನಷ್ಟು ದೂರದಿಂದಲೂ ಬಂದವರು. 2023ರಲ್ಲಿ ನಮ್ಮ ಕೋಲಾರದ ನರಸಾಪುರದ ವಿಸ್ಟ್ರಾನ್ ಘಟಕವೂ ಇದೇ ಕಂಪನಿಯ ಕೈಸೇರಿತು. 2020ರ ಡಿಸೆಂಬರಿನಲ್ಲಿ ಸಂಬಳದ ಸಿಟ್ಟಿಗೆ ಆ ಘಟಕದಲ್ಲಿ ಗಾಜು ಒಡೆದದ್ದನ್ನು ನಾವು ಮರೆತಿಲ್ಲ. ಹಾಸ್ಟೆಲ್ಲಿನಲ್ಲಿದ್ದು, ಕಾಂಟ್ರಾಕ್ಟ್ ಮೇಲೆ ದುಡಿದು, ಎರಡು ವರ್ಷಕ್ಕೆ ಊರಿಗೆ ಮರಳುವ ಹುಡುಗಿಯ ಕೈಯಲ್ಲಿ ಯಾವ ಕಸುಬು ಉಳಿಯುತ್ತದೆ? ಟೈಟಾನ್ ಹುಡುಗಿಯರಿಗೆ ಕಸುಬು ಉಳಿಯಿತು, ಏಕೆಂದರೆ ಅವರು ಉಳಿದರು.

ಹೊರದೇಶದ ಬಂಡವಾಳ ಬೇಡ ಎನ್ನುವವರ ಜೊತೆ ನಾನಿಲ್ಲ, ಬಂದರೆ ಸಾಕು ಎನ್ನುವವರ ಜೊತೆಗೂ ಇಲ್ಲ. ಈ ಸೀಮೆಯಲ್ಲಿ ಅದು ಫಲಿಸಿದ್ದು ಇಲ್ಲಿಯ ಪಾಲುದಾರ, ಇಲ್ಲಿಯ ವೆಂಡರ್, ಇಲ್ಲೇ ಉಳಿಯುವ ಕೆಲಸಗಾರ ಮೂವರೂ ಇದ್ದಲ್ಲಿ. ಆದ್ದರಿಂದ ಮುಂದಿನ ಸಲ ಚೆನ್ನೈಯಲ್ಲೋ ಬೆಂಗಳೂರಲ್ಲೋ ಬಂಡವಾಳ ಒಪ್ಪಂದಕ್ಕೆ ಸಹಿ ಬಿದ್ದ ಸುದ್ದಿ ಓದಿದಾಗ, ಎಷ್ಟು ಕೋಟಿ, ಎಷ್ಟು ಉದ್ಯೋಗ ಎಂಬುದರ ಜೊತೆ ಇನ್ನೆರಡು ಪ್ರಶ್ನೆಗಳನ್ನು ನಮ್ಮ ಮಂತ್ರಿಗಳಿಗೆ, ಪತ್ರಿಕೆಗಳಿಗೆ ಕೇಳಿ: ಈ ಕಾರ್ಖಾನೆ ಐವತ್ತು ಕಿಲೋಮೀಟರಿನೊಳಗಿನ ಶೆಡ್ಡುಗಳಿಂದ ಏನು ಕೊಳ್ಳುತ್ತದೆ? ಸುತ್ತಲಿನ ಐಟಿಐಗಳಿಂದ ಎಷ್ಟು ಜನರನ್ನು ಕಾಯಂ ಮಾಡಿಕೊಳ್ಳುತ್ತದೆ?